ರಸ್ತೆಗೆ ಹಾಸಿದ ಸೀರೆ

ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ನೇಕಾರರ ಓಣಿಯ ದಾರಿ ಹೇಳುವವರಿಗೆ ಕೊರತೆಯಿಲ್ಲ. ಕೊರತೆ ಇರುವುದು ಎಲ್ಲರೂ ಒಂದೇ ಕಡೆ ಕೈ ತೋರಿಸುವುದಕ್ಕೆ. ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬ ಬಲಕ್ಕೆ ಎನ್ನುತ್ತಾನೆ. ಮೂರನೆಯವನು "ಅಷ್ಟ ದೂರ ಯಾಕ ಹೋಗ್ತೀರಿ, ನಮ್ಮ ಅಳಿಯಂದ ಇಲ್ಲೇ ಅಂಗಡಿ ಐತಿ ಬರ್ರಿ" ಎಂದು ಕೈಚೀಲವನ್ನೇ ಇಸಿದುಕೊಂಡು ಮುಂದೆ ನಡೆಯುತ್ತಾನೆ. ಹೀಗೆ ಮೈಸೂರಿನ ಕಡೆಯ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಮಗ್ಗ ನೋಡಲೆಂದು ಬಂದು, ಊರವರ ಮಾತನ್ನು ವೇದವಾಕ್ಯವೆಂದು ನಂಬಿ ನಡೆದು, ಎರಡು ತಾಸಿನ ಮೇಲೆ ಗ್ರಾನೈಟ್ ಕ್ವಾರಿಯ ಅಂಚಿನಲ್ಲಿ ನಿಂತಿದ್ದರು. ಅವರು ಮನೆಗೆ ಮರಳಿ ಬರೆದ ದೂರು ನಾಲ್ಕಾರು ಮೇಜು ಹತ್ತಿ ಇಳಿದು ಕೊನೆಗೆ ಚೇತನಕುಮಾರನ ಮೇಜಿನ ಮೇಲೆ ಬಿತ್ತು.

ಚೇತನಕುಮಾರ ಇಳಕಲ್ಲಿನಲ್ಲಿ ಪೇಟೆ ಸುಧಾರಣೆಯ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ. ಊರು ಬಾದಾಮಿ. ಹೆಂಡತಿ ಪ್ರಿಯದರ್ಶಿನಿ ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮಗಳಿಗೆ ಮೂರು ವರ್ಷ. ನಾಲ್ಕು ವರ್ಷದಿಂದ ಅವನು ಶನಿವಾರ ಸಂಜೆಯ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಮಗು ಮೊದಲ ಹೆಜ್ಜೆ ಇಟ್ಟದ್ದು ಒಂದು ಮಂಗಳವಾರ, ಮೊದಲ ಮಾತಾಡಿದ್ದು ಒಂದು ಗುರುವಾರ. ಎರಡನ್ನೂ ಅವನು ಫೋನಿನಲ್ಲೇ ನೋಡಿದ. ಬಾದಾಮಿಗೆ ವರ್ಗ ಮಾಡಿ ಎಂದು ಆರು ಅರ್ಜಿ ಹಾಕಿದ್ದ. ಏಳನೆಯದು ಬಾಗಲಕೋಟೆಯ ಮೇಲಧಿಕಾರಿ ಮೇಡಂ ಅವರ ಮೇಜಿನ ಮೇಲಿತ್ತು.

ಆ ಮೇಡಂ ದೂರಿನ ಮೇಲೆಯೇ ಷರಾ ಬರೆದಿದ್ದರು: ಪಾದಚಾರಿಗಳಿಗೆ ದಾರಿ ತೋರಿಸುವಂಥ ಸಾರ್ವಜನಿಕ ಕಲಾಕೃತಿಯೊಂದನ್ನು ಸ್ಥಳೀಯ ಕಲಾವಿದರಿಂದ ಮಾಡಿಸುವುದು. ಫೋನಿನಲ್ಲಿ ಇನ್ನೂ ಒಂದು ಮಾತು ಸೇರಿಸಿದ್ದರು. "ನಿಮ್ಮ ವರ್ಗದ ವಿಷಯ ನಾನು ಬಂದಾಗ ಮಾತಾಡೋಣ. ಮೊದಲು ಆ ದಾರಿ ಮಾಡಿಸಿ ತೋರಿಸಿ."

ಹೀಗಾಗಿ ಚೇತನಕುಮಾರ ಜನ್ಮದಲ್ಲಿ ಮೊದಲ ಸಲ ಕಲೆಯ ಬಗ್ಗೆ ಯೋಚನೆ ಮಾಡಿದ. ಮೂರು ದಿನ ಯೋಚಿಸಿದ ಮೇಲೆ ಹೊಳೆಯಿತು. ಬಸ್ ನಿಲ್ದಾಣದಿಂದ ನೇಕಾರರ ಓಣಿಯವರೆಗೆ, ಪೇಟೆಯ ಅಂಗಡಿಸಾಲಿನ ಅಂಚಿಗೆ, ಆರು ನೂರು ಹೆಜ್ಜೆ ಉದ್ದಕ್ಕೆ ಒಂದು ಇಳಕಲ್ ಸೀರೆಯನ್ನು ನೆಲದ ಮೇಲೆ ಬರೆಸುವುದು. ಬಂದವರು ಸೀರೆಯ ಮೇಲೆ ನಡೆಯುತ್ತ ಹೋದರೆ ಸೆರಗು ಮುಗಿಯುವಲ್ಲಿ ಮಗ್ಗದ ಸಪ್ಪಳ ಕೇಳಬೇಕು. ಯಾರನ್ನೂ ಏನೂ ಕೇಳಬೇಕಾಗಿಲ್ಲ. ಮೇಡಂ ಕೂಡಲೇ ಒಪ್ಪಿದರು.

ಕೆಲಸ ಹಿಡಿದವರು ಪೇಂಟರ್ ಮುರ್ತುಜಸಾಬರು. ಫ್ಲೆಕ್ಸ್ ಬ್ಯಾನರು ಬಂದ ಮೇಲೆ ಹತ್ತು ವರ್ಷದಿಂದ ಅವರ ಕುಂಚಕ್ಕೆ ಟ್ರ್ಯಾಕ್ಟರಿನ ನಂಬರ್ ಪ್ಲೇಟು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹತ್ತು ವರ್ಷದ ಹಸಿವನ್ನೆಲ್ಲ ಅವರು ಈ ಸೀರೆಯ ಮೇಲೆ ತೀರಿಸಿಕೊಂಡರು. ದಾಳಿಂಬೆ ಕೆಂಪಿನ ಒಡಲು, ಚಿಕ್ಕಿ ಪರಾಸ ದಡಿ, ಗೋಪುರದಂಥ ತೆನೆಗಳ ಸೆರಗು. ಅಲ್ಲಲ್ಲಿ ಒಂದೊಂದು ಮಡಿಕೆ, ಮಡಿಕೆಗೆ ನೆರಳು. ಎಂಟು ದಿನ ಬರೆದು, ಬರೆದಷ್ಟಕ್ಕೆ ಗೋಣಿತಟ್ಟು ಹೊದಿಸುತ್ತ ಹೋಗಿ, ಬುಧವಾರ ಸಂಜೆ ಎಲ್ಲ ತಟ್ಟನ್ನೂ ಒಮ್ಮೆಲೇ ತೆಗೆದರು. ನೋಡಿದವರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಗುರುವಾರ ನಾಲ್ಕು ಗಂಟೆಗೆ ಮೇಡಂ ಬರುವವರಿದ್ದರು.

ಗುರುವಾರ ಬೆಳಿಗ್ಗೆಯೇ ಪ್ರಿಯದರ್ಶಿನಿಯ ಫೋನು ಬಂತು.

"ಆರ್ಡರ್ ಕೈಯಾಗ ಬರೂ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ದೃಷ್ಟಿ ಆಗತೈತಿ. ಹೋದ ಸಲ ಆಫೀಸಿಗೆಲ್ಲ ಪೇಢೆ ಹಂಚಿ ಬಂದ್ರಿ. ಏನಾತು?"

ಹೋದ ಸಲ ಆ ಜಾಗ ಹುನಗುಂದದ ಬೇರೊಬ್ಬನಿಗೆ ಹೋಗಿತ್ತು. ಚೇತನಕುಮಾರ ಗಣಿತದ ಟೀಚರಿಗೆ ಎದುರಾಡುವವನಲ್ಲ. ಈ ಸಲ ಅವನು ವರ್ಗಕ್ಕೆ ಅರ್ಜಿ ಹಾಕಿದ್ದು ಪೇಟೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಒಂಬತ್ತು ಗಂಟೆಗೆ ಅವನು ಬಸ್ ನಿಲ್ದಾಣಕ್ಕೆ ಬಂದು ನೋಡಿದರೆ ಪೇಟೆ ತುಂಬ ಜನ, ಸೀರೆಯ ಮೇಲೆ ಮಾತ್ರ ಒಬ್ಬರೂ ಇಲ್ಲ. ಎಲ್ಲರೂ ರಸ್ತೆಯ ನಟ್ಟನಡುವೆ ಟಂಟಂ, ಟೆಂಪೋ, ಎಮ್ಮೆಗಳ ಜೊತೆ ನುಗ್ಗಾಡುತ್ತ ನಡೆದಿದ್ದಾರೆ. ಪಾದಚಾರಿಗಳಿಗೆಂದು ಮಾಡಿದ ದಾರಿಯೊಂದೇ ಊರಿನಲ್ಲಿ ಪಾದ ಬೀಳದ ಜಾಗವಾಗಿತ್ತು.

ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಬೋರವ್ವ ಬಂದಳು. ನಲವತ್ತು ವರ್ಷದಿಂದ ಅದೇ ಪೇಟೆಯಲ್ಲಿ ಸೊಪ್ಪು ಮಾರುತ್ತ ಬಂದವಳು. ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು ಅವಳು ಒಂದು ಮಾತು ಹೇಳಿದರೆ ಪೇಟೆಯಲ್ಲಿ ಅದಕ್ಕೆ ಅಪೀಲು ಇರಲಿಲ್ಲ. ಅವಳು ಸೀರೆಯ ಅಂಚಿಗೆ ನಿಂತಳು, ಬಗ್ಗಿ ದಡಿ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ಸುತ್ತು ಹಾಕಿ ಸೀದಾ ಒಂದು ಟೆಂಪೋದ ಮುಂದೆ ಇಳಿದಳು. ಟೆಂಪೋ ಕಿರ್ರೆಂದು ನಿಂತಿತು.

"ಬೋರವ್ವಾ, ಇದರ ಮ್ಯಾಲ ನಡಿಯಾಕನ ಮಾಡಿದ್ದವಾ!" ಎಂದು ಚೇತನಕುಮಾರ ಓಡಿ ಬಂದ.

"ಏನಂದಿ ತಮ್ಮಾ? ನಮ್ಮವ್ವ ಇದನ್ನ ಉಟ್ಟ ಧಾರಿ ಎರಿಸಿಕೊಂಡಾಳ. ನನ್ನ ಮಗಳ ಉಡ್ಯಾಗ ಇದನ್ನ ಹಾಕಿ ಗಂಡನ ಮನಿಗಿ ಕಳಿಸೇನಿ. ಇದನ್ನ ಕೆರಾ ಹಾಕ್ಕೊಂಡು ತುಳಿ ಅಂತಿ? ಕಲಿತ ಮಂದಿ ಆಗಿ ಇಷ್ಟೂ ತಿಳಿಯಾಂಗಿಲ್ಲೇನು?"

"ಇದು ಬಣ್ಣ ಅಲ್ಲೇನವಾ?"

"ಕ್ಯಾಲೆಂಡರಿನ್ಯಾಗಿನ ದೇವರೂ ಬಣ್ಣನ. ಅದನ್ನ ತುಳಿತಿ ಏನು?"

 ಬೋರವ್ವ ಹೋದ ದಾರಿಯಲ್ಲೇ ಉಳಿದವರೂ ಹೋದರು.

ಮುಂದೆ ಹೋದರೆ ಇನ್ನೊಂದು ಪೀಕಲಾಟ. ಅಂಗಡಿಗಳೆಲ್ಲ ಸೀರೆಯ ಆಚೆ, ಗಿರಾಕಿಗಳೆಲ್ಲ ಈಚೆ. ಸೀರೆ ದಾಟದೆ ಅಂಗಡಿಗೆ ಹೋಗುವಂತಿಲ್ಲ, ದಾಟಲು ಯಾರೂ ತಯಾರಿಲ್ಲ. ಚಹಾ-ಮಿರ್ಚಿ ಭಜಿ ಅಂಗಡಿಯ ಹನಮಂತಪ್ಪ ಬಾಣಲೆಯ ಹಿಂದೆ ಕೆಂಡವಾಗಿ ನಿಂತಿದ್ದ.

"ಸಾಹೇಬ್ರ, ನಾ ನಿಮಗ ಏನ ಅನ್ಯಾಯ ಮಾಡಿದ್ನಿರಿ? ಮುಂಜಾನಿಂದ ಒಂದ ಮಿರ್ಚಿ ಹೋಗಿಲ್ಲ. ಮಂದಿ ಅಲ್ಲಿ ನಿಂತು ಒದರತಾರ, ನಾ ಇಲ್ಲಿಂದ ಒಗಿಬೇಕು!"

ಖರೆಯೆಂದರೆ ಅವನು ಒಗೆದೂ ನೋಡಿದ್ದ. ನಾಲ್ಕು ಪೊಟ್ಟಣದಲ್ಲಿ ಮೂರು ಮುಟ್ಟಿದವು, ಒಂದು ಸೀರೆಯ ನಡುವೆ ಬಿತ್ತು. ಅದನ್ನು ಎತ್ತಿಕೊಳ್ಳಲು ಯಾರೂ ಕಾಲಿಡಲಿಲ್ಲ. ಕೊನೆಗೆ ಒಂದು ನಾಯಿ ನಿಧಾನವಾಗಿ ಬಂದು, ತಿಂದು, ಅಲ್ಲೇ ಮೈ ಮುರಿದು ಹೋಯಿತು. ಆ ದಾರಿಯನ್ನು ಬಳಸಿದ ಮೊದಲ ಪಾದಚಾರಿ ಅದೇ.

ಹನಮಂತಪ್ಪ ಎರಡು ಕಡೆ ಎರಡೆರಡು ಇಟ್ಟಿಗೆ ಇಟ್ಟು, ಸೀರೆಗೆ ತಾಗದ ಹಾಗೆ ಒಂದು ಹಲಗೆ ಹಾಕಿ ಸೇತುವೆ ಕಟ್ಟಿದ. "ನೀವ ಮೊದಲ ದಾಟಿ ತೋರಸ್ರಿ, ಮಂದಿಗಿ ಧೈರ್ಯ ಬರತೈತಿ" ಎಂದ. ಚೇತನಕುಮಾರ ದಾಟಿದ. ನಡುವಿಗೆ ಬರುವಷ್ಟರಲ್ಲಿ ಒಂದು ಇಟ್ಟಿಗೆ ಜಾರಿ, ಹಲಗೆ ಮಗುಚಿ, ಅವನು ಬೂಟುಗಾಲು ಸಮೇತ ಚಿಕ್ಕಿ ಪರಾಸ ದಡಿಯ ಮೇಲೆ ಅಂಗಾತ ಬಿದ್ದ.

ಜನ ಹಾ ಎಂದಿತು. ಅದು ಅವನ ಬೆನ್ನಿಗಾಗಿ ಅಲ್ಲ.

"ಬೂಟ ತಗಿ ತಮ್ಮಾ! ಮೊದಲ ಬೂಟ ತಗಿ!" ಎಂದು ಆಚೆಯಿಂದ ಬೋರವ್ವ ಕೂಗಿದಳು. "ನಮಸ್ಕಾರ ಮಾಡಿ ಏಳು!"

ಇನ್ನೂರು ಕಣ್ಣುಗಳ ಎದುರು ಚೇತನಕುಮಾರ ಬೂಟು ಕಳಚಿ ಬದಿಗಿಟ್ಟು ಸೀರೆಗೆ ನಮಸ್ಕಾರ ಮಾಡಿದ. ಬರಿಗಾಲಾದದ್ದೂ ಆಯಿತು, ತಾನಾದರೂ ನಡೆದು ತೋರಿಸಿದರೆ ನಾಲ್ಕು ಜನ ಹಿಂದೆ ಬಂದಾರು ಎಂದು ಹೊರಟ. ಇಳಕಲ್ಲಿನ ಹನ್ನೊಂದು ಗಂಟೆಯ ಬಿಸಿಲಿಗೆ ಕೆಂಪು ಬಣ್ಣ ರೊಟ್ಟಿಯ ಹಂಚಿನಂತೆ ಕಾದಿತ್ತು. ಇಪ್ಪತ್ತು ಹೆಜ್ಜೆ ಗಾಂಭೀರ್ಯದಿಂದ ನಡೆದ, ಮುಂದಿನ ಇಪ್ಪತ್ತು ಹೆಜ್ಜೆ ಬೇಗ ನಡೆದ, ಅಲ್ಲಿಂದ ಮುಂದೆ ಕುಣಿದ. "ಹರಕಿ ಐತೇನೋ ಪಾಪ" ಎಂದು ಜನ ಕೈಮುಗಿದು ದಾರಿ ಬಿಟ್ಟರು. ಹಿಂದೆ ಮಾತ್ರ ಯಾರೂ ಬರಲಿಲ್ಲ. ಅವನು ಮರಳಿ ಬಂದಾಗ ಬೂಟೂ ಇರಲಿಲ್ಲ.

ಹನಮಂತಪ್ಪನ ಅಂಗಡಿಯ ಬೆಂಚಿನ ಮೇಲೆ ಅಂಗಾಲು ಊದಿಕೊಳ್ಳುತ್ತ ಕುಳಿತಾಗ ಅವನಿಗೆ ಅಳುವೇ ಬಂದಿತ್ತು. ನಾಲ್ಕು ಗಂಟೆಗೆ ಮೇಡಂ ಬಂದು ಖಾಲಿ ದಾರಿ ನೋಡುತ್ತಾರೆ, ಏಳನೆಯ ಅರ್ಜಿಯೂ ಆರರ ಜೊತೆ ಹೋಗಿ ಮಲಗುತ್ತದೆ, ಮಗು ಸಾಲೆಗೆ ಹೋಗುವುದನ್ನೂ ತಾನು ಫೋನಿನಲ್ಲೇ ನೋಡುತ್ತೇನೆ.

"ಯಾಕ ಇಷ್ಟ ಮಾರಿ ಸಣ್ಣದ ಮಾಡ್ಕೊಂಡೀರಿ?" ಎಂದು ಹನಮಂತಪ್ಪ ಕೇಳಿದ.

ಬಾಯಿ ಬಿಡಬಾರದೆಂದುಕೊಂಡಿದ್ದ ಬಾಯಿಂದ ಅರ್ಧ ಮಾತು ಹೊರಗೆ ಬಿದ್ದೇಬಿಟ್ಟಿತು. "ನಿಮಗ ತಿಳಿಯಾಂಗಿಲ್ಲ ಹನಮಂತಪ್ಪ. ಇವತ್ತ ಮೇಡಂ ಬರ್ತಾರ. ನನ್ನ ವರ್ಗದ ಆರ್ಡರ್ ಅವರ ಕೈಯಾಗ ಐತಿ." ಉಳಿದರ್ಧವನ್ನು, ಪ್ರಿಯದರ್ಶಿನಿಯ ದನಿ ನೆನಪಾಗಿ, ಚಹಾದ ಜೊತೆ ನುಂಗಿಕೊಂಡ.

 ಹನಮಂತಪ್ಪ ಸಿಟ್ಟನ್ನೆಲ್ಲ ಮರೆತು ಕೇಳದೆಯೇ ಎರಡು ಮಿರ್ಚಿ ತಂದಿಟ್ಟ. ರಸ್ತೆಯಲ್ಲಿ ನಿಂತಿದ್ದ ಬೋರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವರಲ್ಲಿ ಇಷ್ಟು ಕರುಳಿದೆಯೆಂದು ಚೇತನಕುಮಾರನಿಗೆ ನಾಲ್ಕು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ.

ಆಗ ಮುರ್ತುಜಸಾಬರು ಬಂದರು. ಇಡೀ ಪೇಟೆಯಲ್ಲಿ ಸಂತೋಷವಾಗಿದ್ದವರು ಅವರೊಬ್ಬರೇ.

"ನೋಡಿದ್ರೇನ್ರಿ ಸಾಹೇಬ್ರ? ನಲವತ್ತ ವರ್ಷ ಗ್ವಾಡಿಗೆ ಬರದೇನಿ. ಬರದದ್ದು ಒಣಗೂದ್ರಾಗ ಅದರ ಮ್ಯಾಲ ಎಲಿ ಅಡಿಕಿ ಉಗುಳತಿದ್ರು. ಇವತ್ತ ನಾ ನೆಲಕ್ಕ ಬರದದ್ದಕ್ಕ ಮಂದಿ ಕೈ ಮುಗಿಯಾಕತ್ತಾರ! ಇನ್ನ ನನಗ ಏನ ಬೇಕರಿ?"

"ಸಾಬರ, ಮಂದಿ ಕೈ ಮುಗಿಯೂದು ಬ್ಯಾಡ್ರಿ, ಕಾಲ ಇಟ್ರ ಸಾಕು. ಇದನ್ನ ತುಳಿಯೂವಂಥದ್ದು ಏನರ ಮಾಡ್ರಿ. ಕೈ ಮುಗಿತೇನಿ."

ಮುರ್ತುಜಸಾಬರ ಮುಖ ಇಳಿಯಿತು. ಹನಮಂತಪ್ಪ ಅವರನ್ನು ಬದಿಗೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಮರಳಿ ಬಂದಾಗ ಮುದುಕರ ದನಿಯೇ ಬೇರೆಯಾಗಿತ್ತು.

"ಸೀರಿ ಅಳಸೂದಂದ್ರ ನನ್ನ ಎದಿ ಕೊಯ್ದಾಂಗ ಆಗತೈತಿ. ಆದ್ರ ನಿಮ್ಮ ಸಲುವಾಗಿ ಮಾಡ್ತೇನಿ. ಜಮಖಾನಿ ಮಾಡೂಣು. ಅಡ್ಡ ಪಟ್ಟಿ ಹೊಡದ್ರ ಆತು, ಸೀರಿಗೆ ಎಂಟ ದಿನ ಹಿಡದ್ರ ಜಮಖಾನಿಗೆ ಮೂರ ತಾಸು. ಅದರ ಮ್ಯಾಲ ಯಾರು ಬೇಕಾದವರು ಕಾಲ ಇಡ್ತಾರ."

ಚೇತನಕುಮಾರ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮುರ್ತುಜಸಾಬರು ಇನ್ನೂ ನಾಲ್ಕು ಪೇಂಟರುಗಳನ್ನು ಕರೆಸಿ, ರೋಲರ್ ಹಿಡಿದು, ನೀಲಿ ಕೆಂಪು ಪಟ್ಟಿ ಎಳೆಯುತ್ತ ಹೋದರು. ಸೆರಗಿನ ತೆನೆಗಳ ಮೇಲೆ ರೋಲರ್ ಹಾಯಿಸುವಾಗ ಮಾತ್ರ ಮುಖ ಆಚೆ ತಿರುಗಿಸಿದರು. ಎರಡೂವರೆಗೆ ಕೆಲಸ ಮುಗಿಯಿತು. ಅಷ್ಟೊತ್ತಿಗೆ ಅಂಗಡಿಗಳ ನೆರಳೂ ಹೊರಳಿ ದಾರಿಯ ಮೇಲೆ ತಂಪಾಗಿ ಬಿದ್ದಿತ್ತು. ಬಣ್ಣ ಆರುವುದನ್ನೇ ಕಾಯುತ್ತ ಚೇತನಕುಮಾರ ನಿಂತ.

ಮೂರು ಗಂಟೆಗೆ ಮೊದಲ ಕಾಲು ಬಿತ್ತು. ಪೇಟೆಗೆ ಬಂದಿದ್ದ ಒಬ್ಬ ರೈತ ಯಾವ ಅನುಮಾನವೂ ಇಲ್ಲದೆ ಜಮಖಾನದ ಮೇಲೆ ಹೆಜ್ಜೆ ಇಟ್ಟ.  ರೈತ ಎರಡು ಹೆಜ್ಜೆ ಇಟ್ಟ, ಚಪ್ಪಲಿ ಬಿಟ್ಟ, ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ, ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಯಜಮಾನ್ರ, ಯಾಕ ಕುಂತ್ರಿ?"

"ಜಮಖಾನಿ ಹಾಸೀರಿ. ಕುಂದ್ರಲಿಲ್ಲಂದ್ರ ಹಾಸಿದವ್ರಿಗಿ ಅವಮಾನ ಅಲ್ಲೇನ್ರಿ?"

ಅವನ ಮಾತೂ ಸರಿಯೇ. ಈ ಕಡೆ ಯಾರ ಮನೆಗೆ ಹೋದರೂ ಮೊದಲು ಹಾಸುವುದು ಜಮಖಾನ, ಹಾಸಿದ ಮೇಲೆ ನಿಂತು ಮಾತಾಡುವವನು ಜಗಳಕ್ಕೆ ಬಂದವನು. ಇದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಚೇತನಕುಮಾರನಿಗೆ ಹೊಳೆದದ್ದು ಆಗ. ಅವನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ ಬೋರವ್ವ ಬುಟ್ಟಿ ಸಮೇತ ಬಂದು ಕೂತಳು. ಹನಮಂತಪ್ಪ ಒಲೆ ಆರಿಸಿ ಬಂದು ಕೂತ. ಬಳೆ ಅಂಗಡಿಯ ಬಾನುಬಿ ಮೂರು ಜನ ಗೆಳತಿಯರನ್ನು ಕರೆದುಕೊಂಡು ಬಂದು ಕೂತಳು. ಕೈಗೆ ಮೆತ್ತಿದ ಬಣ್ಣ ತೊಳೆಯದೆ ಮುರ್ತುಜಸಾಬರು ಕೂತರು. ಮೂರೂವರೆಗೆ ಬಸ್ ನಿಲ್ದಾಣದಿಂದ ನೇಕಾರರ ಓಣಿಯವರೆಗೆ ಊಟದ ಪಂಕ್ತಿಯ ಹಾಗೆ ಜನ ಕೂತಿದ್ದರು.

"ಏಳ್ರಿ, ನಡಿರ್ರಿ, ಸ್ವಲ್ಪ ಅಡ್ಡಾಡ್ರಿ!" ಎಂದು ಚೇತನಕುಮಾರ ಒಬ್ಬೊಬ್ಬರ ಮುಂದೂ ಬೇಡಿಕೊಂಡ.

"ನೀವ ಸುಮ್ಮನಿರ್ರಿ ಸಾಹೇಬ್ರ," ಎಂದು ಹನಮಂತಪ್ಪ ಅವನ ತೊಡೆ ತಟ್ಟಿದ, "ನಾವ ನೋಡ್ಕೋತೇವಿ."

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಇಳಿದ ಮೇಡಂ ಆ ತುದಿಯಿಂದ ಈ ತುದಿಯವರೆಗೆ ನೋಡಿದರು, ಆಮೇಲೆ ಚೇತನಕುಮಾರನ ಬರಿಗಾಲು ನೋಡಿದರು.

"ಇದು ಪಾದಚಾರಿಗಳ ದಾರಿ ತಾನೆ? ಇವರೆಲ್ಲ ಯಾಕೆ ಕೂತಿದ್ದಾರೆ?"

ಅವನು ಬಾಯಿ ತೆರೆಯುವ ಮೊದಲೇ ಬೋರವ್ವ ಎದ್ದು, ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆಯನ್ನು ಮೇಡಂ ಕೈಗೆ ಕೊಟ್ಟಳು. ಬರಹ ಹನಮಂತಪ್ಪನದು, ಅಡಿಯಲ್ಲಿ ಸಹಿ ಮತ್ತು ಹೆಬ್ಬೆಟ್ಟುಗಳ ಜಾತ್ರೆ. ಮೇಡಂ ಗಟ್ಟಿಯಾಗಿಯೇ ಓದಿದರು: "ಸದರಿ ಚೇತನಕುಮಾರ ಇವರು ಸಾಧು ಸ್ವಭಾವದವರು. ಸೀರೆ ಬರೆಸಿದ್ದು ಅವರ ತಪ್ಪೇ ಸರಿ. ಆದರೆ ತಪ್ಪು ತಿಳಿದು ಬರಿಗಾಲಲ್ಲಿ ಬೆಂಕಿಯಂಥ ಬಿಸಿಲಲ್ಲಿ ನಡೆದು ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾರೆ. ಅವರಿಗೆ ವರ್ಗದ ಶಿಕ್ಷೆ ಕೊಡಬಾರದು. ಕೊಟ್ಟರೆ ನಾವು ಈ ಜಮಖಾನದಿಂದ ಏಳುವುದಿಲ್ಲ."

 ಬೆಳಗಿನ ಮಿರ್ಚಿ, ಒರೆಸಿಕೊಂಡ ಕಣ್ಣು, ಮುದುಕರ ಮೆತ್ತನೆಯ ದನಿ, ಎಲ್ಲದರ ಅರ್ಥ ಚೇತನಕುಮಾರನಿಗೆ ಒಮ್ಮೆಲೇ ತಿಳಿಯಿತು.

ಮೇಡಂ ಅವನನ್ನು ಜೀಪಿನ ಹತ್ತಿರ ಕರೆದು ಕಿವಿಯ ಬಳಿ ಮೆಲ್ಲಗೆ ಹೇಳಿದರು. "ಇದೇನ್ರೀ ಇದು? ಬಾದಾಮಿಗೆ ನಿಮ್ಮ ಆರ್ಡರ್ ನಿನ್ನೆಯೇ ಸಹಿ ಮಾಡಿದ್ದೀನಿ. ದಾರಿ ಹೇಗೇ ಇರಲಿ, ಇವತ್ತು ಕೈಯಲ್ಲಿ ಕೊಟ್ಟೇ ಹೋಗೋಣ ಅಂತ ತಂದೆ. ನೀವೇ ಅವರ ಮುಂದೆ ಹೇಳಿಬಿಡಿ, ನಾನು ಖುಷಿಯಿಂದ ಹೋಗ್ತಿದ್ದೀನಿ ಅಂತ. ಅಷ್ಟು ಸಾಕು."

ಅಷ್ಟೇ ಸಾಕಿತ್ತು. ಚೇತನಕುಮಾರ ಜನರ ಕಡೆ ತಿರುಗಿದ. ತನಗಾಗಿ ಸೊಪ್ಪು ಬಾಡಿಸಿಕೊಂಡು ಕೂತ ಬೋರವ್ವ, ಒಲೆ ಆರಿಸಿದ ಹನಮಂತಪ್ಪ, ತನ್ನ ಕೈಯಾರೆ ಸೀರೆ ಅಳಿಸಿದ ಮುದುಕ. ಅವನ ಕಣ್ಣು ತುಂಬಿತು. ಆದರೂ ಧೈರ್ಯ ಮಾಡಿ ಖರೆ ಮಾತನ್ನೇ ಹೇಳಿದ. "ನನಗ... ಬಾದಾಮಿಗಿ ಹೋಗಾಕ ಭಾಳ ಖುಷಿ ಐತ್ರಿ."



"ಅಳಕೋತ ಖುಷಿ ಐತಿ ಅಂತಾನ!" ಎಂದು ಬೋರವ್ವ ಗುಡುಗಿದಳು. "ಕಿವ್ಯಾಗ ಅಂಜಿಸಿ ಹೇಳಸಾಕತ್ತಾರ! ನಾವ ಕಣ್ಣಾರೆ ನೋಡೇವಿ!"

"ಹಂಗಲ್ಲ ಬೋರವ್ವಾ, ಖರೇನ ನಾ..."

"ನೀ ಹೆದರಬ್ಯಾಡ ತಮ್ಮಾ! ನಾವ ಅದೇವಿ!"

ಇನ್ನೂರು ಜನ ಒಮ್ಮೆಲೇ ಕೂಗಿದರು. ಅವನ ಮುಂದಿನ ಮಾತು ಅವನಿಗೇ ಕೇಳಲಿಲ್ಲ. ರಸ್ತೆಗೆ ಅಡ್ಡ ನಿಂತ ಜೀಪಿನ ಹಿಂದೆ ಹುನಗುಂದದ ಬಸ್ಸು ಹಾರನ್ ಹೊಡೆಯುತ್ತ ನಿಂತಿತ್ತು, ಅದರ ಹಿಂದೆ ಲಾರಿಗಳು, ಯಾರೋ ಮೊಬೈಲಿನಲ್ಲಿ ವಿಡಿಯೋ ಬೇರೆ ತೆಗೆಯುತ್ತಿದ್ದರು. ಮೇಡಂ ವಿಡಿಯೋ ನೋಡಿದರು, ಬಸ್ಸು ನೋಡಿದರು, ಬ್ಯಾಗಿನಿಂದ ಆರ್ಡರ್ ತೆಗೆದು ಜೀಪಿನ ಬಾನೆಟ್ಟಿನ ಮೇಲಿಟ್ಟು ಅಡ್ಡಗೆರೆ ಎಳೆದರು. ಪಕ್ಕದಲ್ಲಿ "ಸಾರ್ವಜನಿಕರ ಕೋರಿಕೆಯ ಮೇರೆಗೆ ರದ್ದು" ಎಂದು ಬರೆದು ಸಹಿ ಮಾಡಿ ಎತ್ತಿ ತೋರಿಸಿದರು.

"ನನ್ನ ಸರ್ವಿಸಿನಲ್ಲಿ ಒಬ್ಬ ಗುಮಾಸ್ತನಿಗಾಗಿ ಪೇಟೆಯೇ ಕೂತದ್ದು ನೋಡಿರಲಿಲ್ಲ" ಎಂದು ಅವನ ಕೈ ಕುಲುಕಿ ಜೀಪು ಹತ್ತಿದರು.

ಜನ ಅವನಿಗೆ ಹಾರ ಹಾಕಿದರು. ಹನಮಂತಪ್ಪ ಒಲೆ ಹಚ್ಚಲು ಓಡಿದ. ಚೇತನಕುಮಾರನನ್ನು ಜಮಖಾನದ ನಡುವೆ ಕೂರಿಸಿ ಎಲ್ಲರೂ ಸುತ್ತ ಕೂತಾಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಆರ್ಡರ್ ಆತೇನ್ರಿ?" ಎಂದಳು ಪ್ರಿಯದರ್ಶಿನಿ.

"ಆತು."

"ಎಲ್ಲಿಗಿ?"

"ಇಲ್ಲಿಗೇ."

  ಬೋರವ್ವ ಅವನ ಕೈಯಿಂದ ಫೋನು ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದು, ಬಾದಾಮಿಗೆ ಫೋನಿಲ್ಲದೆಯೇ ಕೇಳುವ ಹಾಗೆ ಹೇಳಿದಳು: "ಯವ್ವಾ, ಏನೂ ಚಿಂತಿ ಮಾಡಬ್ಯಾಡ! ನಾವ ಇರೂ ತನಕ ನಿನ್ನ ಗಂಡನ್ನ ಈ ಊರಿಂದ ಯಾರೂ ಕದಲಸಾಂಗಿಲ್ಲ!"

ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ ಮೇಲೆ ಅವಳು ಫೋನನ್ನು ಅವನ ಕೈಗೆ ಕೊಟ್ಟಳು.

"ಮಾತಾಡು ತಮ್ಮಾ," ಎಂದಳು, "ಖುಷಿಗಿ ಅಳಾಕತ್ತಾಳ ಪಾಪ."